ಟ್ಯಾಂಕಿನ ಆಟ, ಎಣ್ಣೆಯ ಲೆಕ್ಕ

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ನಮ್ಮ ಕನ್ನಡ ಮನೆಗಳಲ್ಲಿ ಇಂದು ಎರಡು ಕಾಳಗಗಳು ಏಕಕಾಲದಲ್ಲಿ ನಡೆಯುತ್ತಿವೆ. ಒಂದು, ಮಕ್ಕಳ ಕೈಯ ಫೋನಿನಲ್ಲಿ ನಡೆಯುವ ಟ್ಯಾಂಕುಗಳ ಕಾಳಗ. ಇನ್ನೊಂದು, ತಿಂಗಳ ಕೊನೆಯಲ್ಲಿ ಹಿರಿಯರು ಖರ್ಚಿನ ಪುಸ್ತಕದೊಡನೆ ನಡೆಸುವ ಕಾಳಗ. ಮೊದಲನೆಯದರಲ್ಲಿ ಎಣ್ಣೆಯ ಸುದ್ದಿಯೇ ಇಲ್ಲ. ಎರಡನೆಯದರಲ್ಲಿ ಎಣ್ಣೆಯದೇ ಸುದ್ದಿ. ಮೇಲುನೋಟಕ್ಕೆ ಒಂದಕ್ಕೊಂದು ನಂಟಿಲ್ಲದ ಈ ಎರಡನ್ನೂ ಜೊತೆಗಿಟ್ಟು ವಿಚಾರ ಮಾಡಬೇಕೆಂಬುದು ಈ ತಿಂಗಳು ನಮ್ಮ ಬಯಕೆ.

ಟ್ಯಾಂಕಿನ ಆಟ ಹೊಸದೇನಲ್ಲ. 1985ರಲ್ಲಿ ಜಪಾನಿನ ನಾಮ್ಕೋ ಸಂಸ್ಥೆ ಹೊರತಂದ 'ಬ್ಯಾಟಲ್ ಸಿಟಿ' ಎಂಬ ಆಟವನ್ನು ಟಿ.ವಿ.ಗೆ ಜೋಡಿಸಿಕೊಂಡು ಆಡಿ ಬೆಳೆದವರೇ ಇಂದು ತಂದೆತಾಯಿಗಳಾಗಿದ್ದಾರೆ. ಇಟ್ಟಿಗೆ ಗೋಡೆಗಳ ನಡುವೆ ತನ್ನ ಠಾಣೆಯನ್ನು ಕಾಯುತ್ತ, ಒಂದೊಂದು ಘಟ್ಟದಲ್ಲಿ 20 ಶತ್ರು ಟ್ಯಾಂಕುಗಳನ್ನು ಹೊಡೆದುರುಳಿಸುವ ಆಟವದು. ಇಂದಿನ ಮಕ್ಕಳಿಗೆ ಪ್ರಿಯವಾದ 'ವರ್ಲ್ಡ್ ಆಫ್ ಟ್ಯಾಂಕ್ಸ್' ಎಂಬುದು 2010ರಲ್ಲಿ ಬಂದದ್ದು. ಬೆಲರೂಸ್ ದೇಶದ ಮಿನ್ಸ್ಕ್ ನಗರದಲ್ಲಿ ಹುಟ್ಟಿದ ಒಂದು ಸಂಸ್ಥೆಯ ಕೃತಿ. ಇಲ್ಲಿ ಒಬ್ಬೊಬ್ಬರೇ ಆಡುವುದಿಲ್ಲ. ಪಕ್ಷ ಕಟ್ಟಿಕೊಂಡು, ಯಾರು ಮುಂದೆ ಹೋಗಬೇಕು, ಯಾರು ದಿಬ್ಬದ ಮರೆಯಲ್ಲಿ ನಿಲ್ಲಬೇಕು ಎಂಬುದನ್ನು ನಿರ್ಧರಿಸಿ ಆಡುತ್ತಾರೆ.

ಇಂಥ ಆಟಗಳನ್ನು ಹಳಿಯುವುದಕ್ಕೆ ನಾವು ಹೊರಟಿಲ್ಲ. ಹಣವನ್ನು ಪಣವಿಟ್ಟು ಆಡುವ ಆಟಗಳ ಮಾತು ಬೇರೆ. ಅವುಗಳ ಮೇಲೆ 2023ರ ಅಕ್ಟೋಬರಿನಿಂದ ಸರಕಾರ ಶೇಕಡ 28ರ ತೆರಿಗೆ ಹಾಕಿತು, 2025ರ ಆಗಸ್ಟಿನಲ್ಲಿ ಸಂಸತ್ತು ಅವನ್ನು ನಿಷೇಧಿಸಿಯೇ ಕಾನೂನು ಮಾಡಿತು. ವ್ಯೂಹದ ಆಟವಾದರೋ ನಮ್ಮ ಹಿರಿಯರೂ ಆಡಿದ್ದೇ. ದೇವಸ್ಥಾನದ ಕಲ್ಲುಹಾಸಿನ ಮೇಲೆ ಗೆರೆ ಕೊರೆದು ಆಡುತ್ತಿದ್ದ ಆಡು-ಹುಲಿ ಆಟವನ್ನು ನೆನೆಯಿರಿ. ಹುಲಿಗಳು 3, ಆಡುಗಳು 15. ಹುಲಿಗೆ ಹಾರಿ ಕೊಲ್ಲುವ ಬಲವುಂಟು, ಆಡಿಗೆ ಅದಿಲ್ಲ. ಆದರೂ ಆಡುಗಳು ಒಂದನ್ನೊಂದು ಬಿಡದೆ, ಎಡೆಗೊಡದೆ ನಿಂತರೆ ಹುಲಿ ಕದಲಲಾರದೆ ಸೋಲುತ್ತದೆ. ಬಲವಿಲ್ಲದವರು ಬಲವಂತರನ್ನು ಕಟ್ಟಿಹಾಕುವ ಬಗೆಯನ್ನು ಆ ಗೆರೆಗಳು ಕಲಿಸುತ್ತಿದ್ದುವು. ಇಂದಿನ ಆಟವೂ ಜಾಣ್ಮೆಯನ್ನು ಕಲಿಸಬಲ್ಲದು. ಆದರೆ ಅದು ಒಂದು ಸಂಗತಿಯನ್ನು ಮರೆಮಾಚುತ್ತದೆ. ಆ ಆಟದಲ್ಲಿ ಗುಂಡಿಗೆ ಬೆಲೆಯುಂಟು, ಮುರಿದ ಟ್ಯಾಂಕಿನ ರಿಪೇರಿಗೆ ಬೆಲೆಯುಂಟು; ಎಣ್ಣೆ ಮಾತ್ರ ಎಂದಿಗೂ ಮುಗಿಯುವುದಿಲ್ಲ. ಎಷ್ಟು ಓಡಿಸಿದರೂ ಟ್ಯಾಂಕು ನಡುದಾರಿಯಲ್ಲಿ ನಿಲ್ಲುವುದಿಲ್ಲ.

ನಿಜವಾದ ಟ್ಯಾಂಕಿನ ಕಥೆ ಹಾಗಲ್ಲ. ಮದರಾಸಿನ ಬಳಿಯ ಆವಡಿಯ ಕಾರ್ಖಾನೆಯಲ್ಲಿ ನಮ್ಮ ದೇಶಕ್ಕಾಗಿ ತಯಾರಾದ ಟಿ-72 ಟ್ಯಾಂಕು ನಾಲ್ವತ್ತು ಟನ್ನಿಗೂ ಮಿಕ್ಕಿದ ತೂಕದ್ದು. ಅದರ ಒಡಲಿಗೆ ಸುಮಾರು 1,200 ಲೀಟರ್ ಡೀಸೆಲ್ ಬೇಕು. ಅಷ್ಟನ್ನು ಕುಡಿದು ಒಳ್ಳೆಯ ರಸ್ತೆಯಲ್ಲಿ ಅದು ಓಡುವುದು ಐನೂರು ಕಿಲೋಮೀಟರಿಗೆ ಮೀರದು. ಹೊಲ, ಮರಳು, ಹಳ್ಳಗಳಲ್ಲಿ ಇನ್ನೂ ಕಡಿಮೆ. ಕಿಲೋಮೀಟರಿಗೆ ಎರಡೂವರೆ ಲೀಟರ್ ಎಂದಿಟ್ಟುಕೊಂಡರೆ ಹೆಚ್ಚು ತಪ್ಪಾಗದು. ಆದ್ದರಿಂದಲೇ ಟ್ಯಾಂಕುಗಳ ಹಿಂದೆ ಎಣ್ಣೆಯ ಲಾರಿಗಳ ಸಾಲು ನಡೆಯಬೇಕು. ಆ ಸಾಲು ನಿಂತರೆ ಟ್ಯಾಂಕೂ ನಿಂತಿತು.

ಇದಕ್ಕೆ ಇತಿಹಾಸದಲ್ಲಿ ಸಾಕ್ಷಿಗಳು ಬೇಕಾದಷ್ಟಿವೆ. ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಉದ್ದಕ್ಕೂ ನುಗ್ಗಿಬಂದ ಅಮೆರಿಕದ ಸೇನಾಪತಿ ಪ್ಯಾಟನ್ನನ ಟ್ಯಾಂಕುಗಳನ್ನು 1944ರ ಆಗಸ್ಟ್ ಕೊನೆಯಲ್ಲಿ ತಡೆದುನಿಲ್ಲಿಸಿದ್ದು ಶತ್ರುವಿನ ಫಿರಂಗಿಗಿಂತ ಮಿಗಿಲಾಗಿ ಪೆಟ್ರೋಲಿನ ಅಭಾವ. ಅದೇ ವರ್ಷ ಡಿಸೆಂಬರಿನಲ್ಲಿ ಆರ್ಡೆನ್ ಕಾಡಿನಲ್ಲಿ ಜರ್ಮನರು ನಡೆಸಿದ ಕೊನೆಯ ದೊಡ್ಡ ದಾಳಿಯಲ್ಲಿ, ಎಣ್ಣೆ ತೀರಿ ಸಿಕ್ಕಿಬಿದ್ದ ಒಂದು ಪಡೆ ಟ್ಯಾಂಕುಗಳನ್ನು ಅಲ್ಲಿಯೇ ಬಿಟ್ಟು ಹಿಮದಲ್ಲಿ ಕಾಲ್ನಡಿಗೆಯಿಂದ ಹಿಂದಿರುಗಬೇಕಾಯಿತು. ಪ್ಯಾಟನ್ನನ ಹೆಸರನ್ನೇ ಹೊತ್ತ ಟ್ಯಾಂಕುಗಳು 1965ರಲ್ಲಿ ಪಾಕಿಸ್ತಾನದ ಕಡೆಯಿಂದ ಪಂಜಾಬಿನ ಖೇಮಕರಣದತ್ತ ನುಗ್ಗಿದಾಗ, ಅಸಲ್ ಉತ್ತರದ ಬಳಿ ನಮ್ಮವರು ಹೊಲಗಳಿಗೆ ನೀರು ಹಾಯಿಸಿ ಅವುಗಳ ಓಟವನ್ನು ಕೆಡಿಸಿದರು. ಕಬ್ಬಿನ ಮರೆಯಿಂದ ಹೊಡೆದರು. ಕೆಸರಿನಲ್ಲಿ ಹೂತುನಿಂತ ಪ್ಯಾಟನ್ ಟ್ಯಾಂಕುಗಳ ಚಿತ್ರವನ್ನು ಅಂದು ಪತ್ರಿಕೆಗಳಲ್ಲಿ ದೇಶವೆಲ್ಲ ನೋಡಿತು.

ಕೌಟಿಲ್ಯ ರಾಜ್ಯಕ್ಕೆ ಏಳು ಅಂಗಗಳನ್ನು ಹೇಳಿದ್ದಾನೆ: ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ. ಈ ಸಾಲಿನ ಕ್ರಮವನ್ನು ಗಮನಿಸಬೇಕು. ಕೋಟೆಗಿಂತ ಮೊದಲು ಜನಪದ. ಸೈನ್ಯಕ್ಕಿಂತ ಮೊದಲು ಬೊಕ್ಕಸ. ಎಂದರೆ ವ್ಯೂಹರಚನೆ ಎಂಬುದು ರಣರಂಗದಲ್ಲಿ ಆರಂಭವಾಗುವುದಿಲ್ಲ, ಲೆಕ್ಕದ ಪುಸ್ತಕದಲ್ಲಿ ಆರಂಭವಾಗುತ್ತದೆ. ಮಕ್ಕಳ ಆಟದಲ್ಲಿ ಬಿಟ್ಟುಹೋಗಿರುವುದು ಈ ಪುಸ್ತಕವೇ.

ಈ ಪಾಠ ನಮ್ಮ ಸೀಮೆಗೆ ಪುಸ್ತಕದಿಂದ ಬಂದುದಲ್ಲ. ಮಳೆ ಕಡಿಮೆಯಾದ ಈ ನೆಲದಲ್ಲಿ ಒಕ್ಕಲುತನವೆಂದರೆ ಬಾವಿಯ ಒಕ್ಕಲುತನ. ಮೊದಲು ಎತ್ತು ಕಟ್ಟಿ ಕಪಿಲೆ ಹೊಡೆದರು, ಆಮೇಲೆ ಎಣ್ಣೆಯ ಎಂಜಿನ್ ಇಟ್ಟರು. 1930ರ ದಶಕದಲ್ಲಿ ನೀಲಗಿರಿಯ ಪೈಕಾರಾ ಜಲವಿದ್ಯುತ್ತು ಕೆಳಗಿಳಿದು ಬಂದಮೇಲೆ ಕೊಯಮತ್ತೂರಿನ ಗಿರಣಿಗಳೂ ಬಾವಿಯ ಪಂಪುಗಳೂ ಅದನ್ನು ನಂಬಿ ಬೆಳೆದುವು. ಆದ್ದರಿಂದ ವಿದ್ಯುತ್ತಿನ ದರ ಯೂನಿಟ್ಟಿಗೆ ಕೆಲವೇ ಪೈಸೆ ಏರಿದಾಗಲೂ ಅದು ರೈತನ ಅನ್ನಕ್ಕೆ ತಟ್ಟಿತು. 1970ರ ಜೂನ್ 19ರಂದು, ಈಗ ತಿರುಪ್ಪೂರು ಜಿಲ್ಲೆಗೆ ಸೇರಿರುವ ಪೆರುಮಾನಲ್ಲೂರಿನಲ್ಲಿ, ದರದ ಏರಿಕೆಯನ್ನು ವಿರೋಧಿಸಿದ ಮೂವರು ರೈತರು ಪೋಲೀಸರ ಗುಂಡಿಗೆ ಬಲಿಯಾದರು. 1972ರಲ್ಲಿ ದರ ಮತ್ತೆ ಏರಿದಾಗ, ವೈಯಂಪಾಳಯದ ನಾರಾಯಣಸ್ವಾಮಿ ನಾಯ್ಡು ಅವರ ಮುಂದಾಳುತನದಲ್ಲಿ ರೈತರು ಸಾವಿರಾರು ಎತ್ತಿನ ಬಂಡಿಗಳನ್ನು ಕೊಯಮತ್ತೂರು ನಗರದ ಬೀದಿಗಳಿಗೆ ತಂದು ನಿಲ್ಲಿಸಿದರು. ಪಟ್ಟಣ ಕದಲಲಾರದೆ ನಿಂತಿತು.

ಆ ಬಂಡಿಗಳನ್ನು ಭಾರತದ ರೈತನ ಪ್ಯಾಟನ್ ಟ್ಯಾಂಕುಗಳೆಂದು ಬಣ್ಣಿಸಿದ ಮಾತು ಈ ಕಡೆಯ ಹಿರಿಯರ ಬಾಯಲ್ಲಿ ಇನ್ನೂ ಉಳಿದಿದೆ. ಬಣ್ಣನೆಗಾಗಿ ಆಡಿದ ಮಾತಾದರೂ ಅದರಲ್ಲಿ ಸತ್ಯವಿದೆ. ಬಂಡಿಗೆ ಡೀಸೆಲ್ ಬೇಡ. ಅದರ ಮೇವು ರೈತನ ಹೊಲದ್ದೇ. ಎಷ್ಟು ದಿನ ಬೇಕಾದರೂ ನಿಲ್ಲಬಲ್ಲದು. ಒಂದೇಟೂ ಹೊಡೆಯದೆ, ಎಡೆಗೊಡದೆ ನಿಂತ ಅವು ಆಡು-ಹುಲಿಯ ಆಡುಗಳಂತೆ ನಗರವನ್ನು ಕಟ್ಟಿಹಾಕಿದುವು. ಆ ವರ್ಷದ ಚಳವಳಿಯಲ್ಲಿ ರಾಜ್ಯದ ಬೇರೆ ಕಡೆಗಳಲ್ಲಿಯೂ ರೈತರು ಪ್ರಾಣ ತೆತ್ತರು. ತಮಿಳುನಾಡಿನ ರೈತರು ಜುಲೈ 5ನ್ನು ಇಂದಿಗೂ ಅವರ ನೆನಪಿನ ದಿನವಾಗಿ ಆಚರಿಸುತ್ತಾರೆ. ಮುಂದೆ 1984ರಲ್ಲಿ ಸಣ್ಣ ರೈತರಿಗೆ, 1990ರಲ್ಲಿ ಎಲ್ಲ ರೈತರಿಗೆ ಪಂಪಿನ ವಿದ್ಯುತ್ತು ಉಚಿತವಾಯಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ನಮ್ಮ ಕೆಲಸ ಸುಲಭವಾಗುತ್ತಿತ್ತು. ಆದರೆ ದರವಿಲ್ಲದ ವಿದ್ಯುತ್ತಿಗೂ ಯಾರೋ ಬೆಲೆ ತೆರಬೇಕಷ್ಟೆ. ಒಂದು ಭಾಗವನ್ನು ಬೊಕ್ಕಸ ತೆತ್ತಿತು. ಇನ್ನೊಂದು ಭಾಗವನ್ನು ನೆಲದಡಿಯ ನೀರು ತೆತ್ತಿತು. ಬಾವಿ ಬತ್ತಿತೆಂದು ಕೊಳವೆಬಾವಿ ಕೊರೆದರು, ಅದೂ ಬತ್ತಿತೆಂದು ಇನ್ನಷ್ಟು ಆಳಕ್ಕೆ ಇಳಿದರು. ಅಂದಿನ ಬೇಡಿಕೆ ನ್ಯಾಯವಾದುದೇ. ಆದರೆ ಬೇಡಿಕೆ ಈಡೇರಿದ ಮೇಲೂ ಲೆಕ್ಕ ಮುಂದುವರಿಯುತ್ತದೆ ಎಂಬುದನ್ನು ಮರೆಯಲಾಗದು.

ಇನ್ನು ಪೆಟ್ರೋಲು, ಡೀಸೆಲುಗಳ ಮಾತಿಗೆ ಬರೋಣ. ನಮ್ಮ ಜನರಲ್ಲಿ ಇದರ ಬಿಸಿ ತಟ್ಟದ ಮನೆ ಯಾವುದು? ಸೋಮನೂರು, ಪಲ್ಲಡಂಗಳ ಕೂಲಿಮಗ್ಗಕ್ಕೆ ನೂಲು ಬರುವುದೂ ಬಟ್ಟೆ ಹೋಗುವುದೂ ಲಾರಿಯಲ್ಲಿ. ತಿರುಪ್ಪೂರಿನ ಬನಿಯನ್ನು ಹಡಗು ಹತ್ತಬೇಕಾದರೆ ತೂತ್ತುಕುಡಿಯವರೆಗೆ ಲಾರಿ ಓಡಬೇಕು. ಪಾಲಿಯೆಸ್ಟರ್ ನೂಲಿಗೆ ಮೂಲವೇ ಕಚ್ಚಾ ಎಣ್ಣೆ. ಸಿರುಮುಗೈಯ ರೇಷ್ಮೆ ನೇಯುವ ದೇವಾಂಗ ಮನೆಯವರು ಸಂತೆಯಲ್ಲಿ ಕೊಳ್ಳುವ ತರಕಾರಿಯಲ್ಲಿಯೂ ಡೀಸೆಲಿನ ಪಾಲು ಸೇರಿದೆ. ದೇಶಕ್ಕೆ ಬೇಕಾದ ಕಚ್ಚಾ ಎಣ್ಣೆಯಲ್ಲಿ ಶೇಕಡ 85ಕ್ಕೂ ಹೆಚ್ಚು ಹೊರಗಿನಿಂದ ಬರತಕ್ಕದ್ದು. ಆದುದರಿಂದ ಲೋಕದ ಯಾವ ಮೂಲೆಯಲ್ಲಿ ಯುದ್ಧವಾದರೂ ಅದರ ಕಂದಾಯ ನಮ್ಮ ಮನೆಗೂ ಬರುತ್ತದೆ. 1973ರ ಅರಬ್-ಇಸ್ರೇಲ್ ಯುದ್ಧದ ಬೆನ್ನಿಗೆ ಪೀಪಾಯಿಗೆ ಸುಮಾರು 3 ಡಾಲರಿದ್ದ ಎಣ್ಣೆ ಕೆಲವೇ ತಿಂಗಳಲ್ಲಿ 12 ಡಾಲರಿನ ಹತ್ತಿರಕ್ಕೇರಿತು. 2008ರ ಜುಲೈಯಲ್ಲಿ 147 ಡಾಲರು ಮುಟ್ಟಿತು.

ಏರುವುದೆಲ್ಲ ಲೋಕದ ಮಾರುಕಟ್ಟೆಯದು ಎಂದಾದರೆ, ಇಳಿದಾಗ ನಮಗೇಕೆ ಇಳಿಯಲಿಲ್ಲ? ಇದು ಗೃಹಿಣಿಯರು ನಮ್ಮನ್ನು ಕೇಳುವ ಪ್ರಶ್ನೆ. ಉತ್ತರ ತೆರಿಗೆಯಲ್ಲಿದೆ. 2014ರ ನವೆಂಬರಿನಿಂದ 2016ರ ಜನವರಿಯವರೆಗೆ ಕಚ್ಚಾ ಎಣ್ಣೆಯ ಬೆಲೆ ಕುಸಿಯುತ್ತಿದ್ದಾಗ ಕೇಂದ್ರ ಸರಕಾರ ಒಂಬತ್ತು ಸಲ ಅಬಕಾರಿ ಸುಂಕವನ್ನು ಏರಿಸಿತು. ಪೆಟ್ರೋಲಿಗೆ ಒಟ್ಟು 11.77 ರೂಪಾಯಿ, ಡೀಸೆಲಿಗೆ 13.47 ರೂಪಾಯಿ. 2020ರಲ್ಲಿ ಮಹಾಮಾರಿಯ ಕಾಲದಲ್ಲಿ ಬೆಲೆ ನೆಲಕಚ್ಚಿದಾಗ ಮಾರ್ಚ್ ಮತ್ತು ಮೇ ತಿಂಗಳ ಎರಡು ಏರಿಕೆಗಳಲ್ಲಿ ಪೆಟ್ರೋಲಿಗೆ 13, ಡೀಸೆಲಿಗೆ 16 ರೂಪಾಯಿ ಸೇರಿತು. ಮುಂದೆ 2021ರ ನವೆಂಬರಿನಲ್ಲಿ ಪೆಟ್ರೋಲಿಗೆ 5, ಡೀಸೆಲಿಗೆ 10 ರೂಪಾಯಿಯನ್ನೂ, 2022ರ ಮೇ ತಿಂಗಳಲ್ಲಿ ಕ್ರಮವಾಗಿ 8 ಮತ್ತು 6 ರೂಪಾಯಿಯನ್ನೂ ಇಳಿಸಿದರೆಂಬುದನ್ನೂ ಹೇಳಲೇಬೇಕು. 2025ರ ಏಪ್ರಿಲಿನಲ್ಲಿ ಮತ್ತೆ ಎರಡೆರಡು ರೂಪಾಯಿ ಏರಿತು. ಬಂಕಿನ ಬೆಲೆ ಮಾತ್ರ ಬದಲಾಗಲಿಲ್ಲವಾದ್ದರಿಂದ ಬಹುಮಂದಿಗೆ ಅದು ತಿಳಿಯಲೇ ಇಲ್ಲ.

ಈ ತೆರಿಗೆ ಎಲ್ಲಿಗೆ ಹೋಗುತ್ತದೆ? 2021ರ ಮಧ್ಯದ ಒಂದು ಲೀಟರ್ ಡೀಸೆಲನ್ನು ತೆಗೆದುಕೊಳ್ಳೋಣ. ಕೇಂದ್ರದ ಸುಂಕ 31.80 ರೂಪಾಯಿ. ಅದರಲ್ಲಿ 18 ರೂಪಾಯಿ ರಸ್ತೆ ಮತ್ತು ಮೂಲಸೌಕರ್ಯದ ಸೆಸ್ಸು, 8 ರೂಪಾಯಿ ವಿಶೇಷ ಸುಂಕ, 4 ರೂಪಾಯಿ ಕೃಷಿ ಸೆಸ್ಸು. ಮೂಲ ಅಬಕಾರಿ ಸುಂಕವೆಂಬುದು ಬರಿಯ 1.80 ರೂಪಾಯಿ. ರಾಜ್ಯಗಳೊಡನೆ ಹಂಚಿಕೊಳ್ಳಬೇಕಾದುದು ಈ 1.80 ರೂಪಾಯಿಯನ್ನು ಮಾತ್ರ. ಹಣಕಾಸು ಆಯೋಗದ ಅಂದಿನ ಸೂತ್ರದಂತೆ ಅದರಲ್ಲಿ ಶೇಕಡ 41 ಎಲ್ಲ ರಾಜ್ಯಗಳಿಗೆ. ಅದರಲ್ಲಿ ತಮಿಳುನಾಡಿನ ಪಾಲು ಶೇಕಡ 4ಕ್ಕೆ ಸ್ವಲ್ಪ ಮೇಲೆ. ಗುಣಿಸಿ ನೋಡಿದರೆ ಲೀಟರಿಗೆ ಮೂರು ಪೈಸೆ! ರಾಜ್ಯ ಸರಕಾರವೂ ಸುಮ್ಮನೆ ಕುಳಿತಿರಲಿಲ್ಲ. ಕೇಂದ್ರದ ಸುಂಕವೂ ಸೇರಿದ ಬೆಲೆಯ ಮೇಲೆ ಶೇಕಡ 11, ಅದಲ್ಲದೆ ಲೀಟರಿಗೆ 9.62 ರೂಪಾಯಿ ತನ್ನ ಮಾರಾಟ ತೆರಿಗೆಯನ್ನು ಹಾಕುತ್ತಿತ್ತು. ತೆರಿಗೆಯ ಮೇಲೆ ತೆರಿಗೆ ಬೀಳುವ ಬಗೆಯಿದು. 2017ರಲ್ಲಿ ಜಿ.ಎಸ್.ಟಿ. ಬಂದಾಗ ಪೆಟ್ರೋಲು, ಡೀಸೆಲುಗಳನ್ನು ಅದರಿಂದ ಹೊರಗಿಟ್ಟುದು ಇಂಥ ವರಮಾನವನ್ನು ಇಬ್ಬರೂ ಬಿಟ್ಟುಕೊಡಲಾರದ್ದರಿಂದಲೇ.

ಗಡಿನಾಡಿನ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸತ್ಯಮಂಗಲದಿಂದ ದಿಂಬಂ ಘಟ್ಟ ಹತ್ತಿ ಚಾಮರಾಜನಗರದ ಕಡೆಗೆ ಇಳಿಯುವ ಲಾರಿ ಚಾಲಕ, ಎಣ್ಣೆಯನ್ನು ಘಟ್ಟದ ಈಚೆ ತುಂಬಿಸಬೇಕೋ ಆಚೆ ತುಂಬಿಸಬೇಕೋ ಎಂದು ಲೆಕ್ಕ ಹಾಕಿಯೇ ಹೊರಡುತ್ತಾನೆ. ಕರ್ನಾಟಕ 2021ರ ನವೆಂಬರಿನಲ್ಲಿ ತನ್ನ ತೆರಿಗೆಯನ್ನು ಇಳಿಸಿತು. 2024ರ ಜೂನಿನಲ್ಲಿ ಡೀಸೆಲಿಗೆ ಸುಮಾರು ಮೂರು ರೂಪಾಯಿ, 2025ರ ಏಪ್ರಿಲ್ 1ರಂದು ಎರಡು ರೂಪಾಯಿ ಏರಿಸಿತು. ಘಟ್ಟ ಅದೇ, ಎಣ್ಣೆ ಅದೇ. ಬೆಲೆ ಮಾತ್ರ ಎರಡು. ಬೆಲೆಯೆಂಬುದು ಅರೇಬಿಯಾದ ಬಾವಿಯಲ್ಲಿ ಮಾತ್ರವಲ್ಲ, ದೆಹಲಿ, ಚೆನ್ನೈ, ಬೆಂಗಳೂರುಗಳ ಆಯವ್ಯಯ ಪತ್ರದಲ್ಲಿಯೂ ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಡ.

ಹಾಗಾದರೆ ತೆರಿಗೆಯೇ ಬೇಡವೆನ್ನೋಣವೇ? ಅದೂ ಆಟದ ಟ್ಯಾಂಕಿನಂತೆ ಎಣ್ಣೆಯನ್ನು ಮರೆತ ಮಾತಾದೀತು. 2005ರಿಂದ 2010ರವರೆಗೆ ಬಂಕಿನ ಬೆಲೆಯನ್ನು ತಗ್ಗಿಸಿಡಲು ಅಂದಿನ ಕೇಂದ್ರ ಸರಕಾರ ಎಣ್ಣೆ ಕಂಪನಿಗಳಿಗೆ ಒಂದು ಲಕ್ಷ ಕೋಟಿ ರೂಪಾಯಿಗೂ ಮಿಕ್ಕ ಸಾಲಪತ್ರಗಳನ್ನು ಕೊಟ್ಟಿತು. ಆ ಅಗ್ಗದ ಎಣ್ಣೆಯ ಬಾಕಿಯನ್ನು ಮುಂದಿನ ಒಂದೂವರೆ ದಶಕದ ತೆರಿಗೆದಾರರು ಬಡ್ಡಿಸಹಿತ ತೀರಿಸಬೇಕಾಯಿತು. ತಂದೆ ಕೊಂಡ ಎಣ್ಣೆಗೆ ಮಗ ಹಣ ತೆತ್ತಂತಾಯಿತು. 2021ರ ಆಗಸ್ಟಿನಲ್ಲಿ ತಮಿಳುನಾಡಿನ ಅಂದಿನ ಹಣಕಾಸು ಸಚಿವ ಪಳನಿವೇಲ್ ತ್ಯಾಗರಾಜನ್ ಹೊರಡಿಸಿದ ಶ್ವೇತಪತ್ರ, ರಾಜ್ಯದ ಸಾಲ ಒಂದೊಂದು ಕುಟುಂಬದ ತಲೆಯ ಮೇಲೆ 2,63,976 ರೂಪಾಯಿ ಎಂದು ಹೇಳಿತು. ಅದೇ ತಿಂಗಳು ಅವರು ಪೆಟ್ರೋಲಿನ ತೆರಿಗೆಯನ್ನು ಲೀಟರಿಗೆ 3 ರೂಪಾಯಿ ಇಳಿಸಿದರು. ಅದರಿಂದ ಬೊಕ್ಕಸಕ್ಕೆ ವರ್ಷಕ್ಕೆ 1,160 ಕೋಟಿ ರೂಪಾಯಿ ಖೋತಾ ಎಂದೂ ತಿಳಿಸಿದರು.

ಈ 1,160 ಕೋಟಿಯನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ನೆಲದ ಎರಡು ಖರ್ಚುಗಳನ್ನು ನೋಡೋಣ. 2025ರ ಅಕ್ಟೋಬರಿನಲ್ಲಿ ಕೊಯಮತ್ತೂರಿನ ಅವಿನಾಶಿ ರಸ್ತೆಯ ಮೇಲೆ ಹತ್ತು ಕಿಲೋಮೀಟರ್ ಉದ್ದದ ಮೇಲ್ಸೇತುವೆ, ಜಿ.ಡಿ. ನಾಯ್ಡು ಅವರ ಹೆಸರಿನಲ್ಲಿ, ತೆರೆಯಿತು. ಖರ್ಚು ಸುಮಾರು 1,791 ಕೋಟಿ. 2024ರ ಆಗಸ್ಟ್ 17ರಂದು ಅವಿನಾಶಿ-ಅತ್ತಿಕಡವು ಯೋಜನೆ ಆರಂಭವಾಯಿತು. ಖರ್ಚು 1,916 ಕೋಟಿ. ಆರು ದಶಕಗಳ ಕಾಲ ಬೇಡಿದ ನೀರು ಅದು. ಭವಾನಿ ಹೊಳೆಯಲ್ಲಿ ಮಿಕ್ಕಿ ಹರಿಯುವ ಒಂದೂವರೆ ಟಿ.ಎಂ.ಸಿ. ನೀರನ್ನು ಕಾಲಿಂಗರಾಯನ್ ಅಣೆಯ ಕೆಳಗಿನಿಂದ ಪಂಪುಮಾಡಿ, ಸಾವಿರ ಕಿಲೋಮೀಟರಿಗೂ ಮೀರಿದ ಕೊಳವೆಗಳ ಮೂಲಕ ಈರೋಡು, ತಿರುಪ್ಪೂರು, ಕೊಯಮತ್ತೂರು ಜಿಲ್ಲೆಗಳ 1,045 ಕೆರೆಕುಂಟೆಗಳಿಗೆ ತುಂಬಿಸುವ ಕೆಲಸ. ಲೆಕ್ಕ ಹಾಕಿ ನೋಡಿದರೆ, ರಾಜ್ಯವೆಲ್ಲ ಒಂದು ಲೀಟರ್ ಪೆಟ್ರೋಲಿಗೆ ತೆರುವ ಮೂರು ರೂಪಾಯಿ ಇಪ್ಪತ್ತು ತಿಂಗಳಲ್ಲಿ ಇಂಥ ಒಂದು ಯೋಜನೆಯನ್ನು ಕಟ್ಟಬಲ್ಲದು. ಕೊಳವೆಬಾವಿಗಳು ಹೀರಿ ಬರಿದುಮಾಡಿದ ನೆಲಕ್ಕೆ ನೀರನ್ನು ಹಿಂದಿರುಗಿಸುವ ಖರ್ಚು ಇದು. ತೆರಿಗೆಯ ಹಣ ಹೀಗೆ ಬಳಕೆಯಾದರೆ ಕೊಟ್ಟವರಿಗೆ ಕೊಟ್ಟುದಕ್ಕೆ ಮರುಕವಿರದು.

ಯುದ್ಧದ ಯಂತ್ರಕ್ಕೆ ಟ್ಯಾಂಕೆಂಬ ಹೆಸರು ಬಂದುದೂ ನೀರಿನ ತೊಟ್ಟಿಯಿಂದಲೇ. 1916ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಸೋಮ್ ರಣರಂಗಕ್ಕೆ ಅದನ್ನು ಮೊದಲ ಬಾರಿಗೆ ಇಳಿಸುವ ಮುನ್ನ ಗುಟ್ಟು ಬಯಲಾಗದಿರಲೆಂದು, ಇದು ನೀರು ಹೊರುವ ಟ್ಯಾಂಕು ಎಂದು ಆಂಗ್ಲರು ಹೇಳಿಕೊಂಡರು. ಆ ಹೆಸರೇ ನಿಂತಿತು. ನಮ್ಮ ಕಡೆ ಇಂಗ್ಲಿಷು ಬಲ್ಲವರು ಕೆರೆಯನ್ನೂ ಟ್ಯಾಂಕೆಂದೇ ಕರೆಯುತ್ತಾರೆ. ದೇಶಕ್ಕೆ ಎರಡು ಬಗೆಯ ಟ್ಯಾಂಕುಗಳೂ ಬೇಕು. ಎರಡಕ್ಕೂ ಹಣ ಬರುವುದು ಒಂದೇ ಕಡೆಯಿಂದ.

ಆದ್ದರಿಂದ ವಾಚಕರಲ್ಲಿ ನಮ್ಮ ಬಿನ್ನಹ ಇಷ್ಟೆ. ಸರಕಾರಗಳಿಂದ ನಾವು ಬರಿಯ ಅಗ್ಗವನ್ನು ಕೇಳುವುದು ಸಾಲದು, ಲೆಕ್ಕವನ್ನು ಕೇಳಬೇಕು. ಲೋಕದ ಬೆಲೆ ಇಳಿದಾಗ ಇಷ್ಟು ಪಾಲು ಜನಕ್ಕೆ, ಇಷ್ಟು ಬೊಕ್ಕಸಕ್ಕೆ ಎಂಬ ನಿಯಮವನ್ನು ಮೊದಲೇ ಸಾರಿ ಹೇಳಲಿ. ರಸ್ತೆಯ ಹೆಸರಿನಲ್ಲಿ ತೆಗೆದ ಸೆಸ್ಸು ಯಾವ ಜಿಲ್ಲೆಯ ಯಾವ ರಸ್ತೆಗೆ ಹೋಯಿತೆಂಬುದನ್ನು ಜನರಿಗೆ ಅರ್ಥವಾಗುವ ಭಾಷೆಯಲ್ಲಿ ಪ್ರಕಟಿಸಲಿ. ರಾಜ್ಯಕ್ಕೆ ಹಂಚದ ಸುಂಕವನ್ನು ಮೂಲ ಸುಂಕದ ಮರೆಯಲ್ಲಿ ಬೆಳೆಸದಿರಲಿ. ಉಚಿತವೆಂದು ಕೊಡುವುದರ ಬೆಲೆಯನ್ನೂ ಜೊತೆಗೇ ತಿಳಿಸಲಿ.

ಮಕ್ಕಳ ವಿಷಯದಲ್ಲಿಯೂ ಒಂದು ಮಾತು. ಫೋನನ್ನು ಕಿತ್ತುಕೊಂಡರೆ ಅವರು ಕಲಿಯುವುದು ಬಚ್ಚಿಟ್ಟು ಆಡುವುದನ್ನು. ಅದಕ್ಕೆ ಬದಲಾಗಿ ತಂದೆತಾಯಿಗಳು ಒಂದು ಕಾಗದವನ್ನು ತೆಗೆದುಕೊಂಡು ಪಕ್ಕದಲ್ಲಿ ಕುಳಿತುಕೊಳ್ಳಲಿ. ನಿನ್ನ ಟ್ಯಾಂಕು ಇಂದು ಎಷ್ಟು ದೂರ ಓಡಿತು, ಅದಕ್ಕೆ ಎಷ್ಟು ಲೀಟರ್ ಡೀಸೆಲ್ ಬೇಕಾಗಿತ್ತು, ನಮ್ಮೂರ ಬಂಕಿನ ಬೆಲೆಯಲ್ಲಿ ಎಷ್ಟು ರೂಪಾಯಿ, ಅದರಲ್ಲಿ ತೆರಿಗೆ ಎಷ್ಟು, ಆ ಹಣದಲ್ಲಿ ಎಷ್ಟು ಮನೆಗಳ ತಿಂಗಳ ಖರ್ಚು ಸಾಗೀತು ಎಂದು ಬರೆಯಿಸಲಿ. ಅಂಕಗಣಿತವೂ ಆಯಿತು, ಅರ್ಥಶಾಸ್ತ್ರವೂ ಆಯಿತು. ಅದನ್ನು ಕನ್ನಡದಲ್ಲಿ ಬರೆದರೆ, ಮನೆಯಲ್ಲಿ ಆಡಿಯೂ ಬರೆಯಲು ಬಾರದೆ ಹೋಗುತ್ತಿರುವ ನಮ್ಮ ಮಕ್ಕಳಿಗೆ ಅಕ್ಷರವೂ ಕೈಗೆ ಹತ್ತಿತು. ನಾಳೆ ಮತ ಹಾಕುವವರು ಅವರೇ. ಎಣ್ಣೆ ತೀರದ ಟ್ಯಾಂಕನ್ನೇ ನಂಬಿ ಬೆಳೆದವನಿಗೆ, ಬೊಕ್ಕಸವೂ ತೀರದೆಂದು ಹೇಳುವವರ ಮಾತು ಸಿಹಿಯಾಗಿ ಕೇಳಿಸೀತು. ಲೆಕ್ಕ ಬರೆದು ಬೆಳೆದವನು ಮಾತ್ರ ನಿಂತು, ಈ ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಕೇಳಿಯಾನು.